ಕೆಂಪು ಪೆನ್ನಿನ ಪಾಸ್

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದು ಆಗಿನಿಂದ ಗಡಿಯಾರವನ್ನೇ ನೋಡುತ್ತಿರುವ ಬ್ಯಾಂಕ್ ಮ್ಯಾನೇಜರ್ ಅವರೇ, ಮುಂದಿನ ಸಾಲು ಖಾಲಿ ಬಿಟ್ಟು ಬಾಗಿಲ ಹತ್ತಿರ ಕುಳಿತಿರುವ ಜಾಣ ಸಭಿಕರೇ, ಅಂಕ ಬರೆಯುವ ಕಪ್ಪು ಹಲಗೆಯ ಪಕ್ಕದಲ್ಲಿ ಎಂದಿನಂತೆ ನಿಂತಿರುವ ಲೆಕ್ಕದ ಟೀಚರೇ,

ನಮ್ಮ ಬಡಾವಣೆಯ ರಸಪ್ರಶ್ನೆ ಬಳಗದ ಈ ವಾರ್ಷಿಕೋತ್ಸವದಲ್ಲಿ ನನ್ನನ್ನು ಬೀಳ್ಕೊಡುತ್ತಿದ್ದೀರಿ. ಇಷ್ಟು ವರ್ಷ ಪ್ರತಿ ಭಾನುವಾರ ಪ್ರಶ್ನೆ ಕೇಳಿದೆ, ಇನ್ನು ಸಾಕು. ಕಾರಣ, ಗಂಟಲು. ಅಂಗಡಿಯಲ್ಲಿ ದಿನವಿಡೀ ಜನರ ಮೂಗಿನ ಮೇಲೆ ಕನ್ನಡಕ ಇಟ್ಟು ‘ಈಗ ಕಾಣುತ್ತಾ, ಈಗ ಕಾಣುತ್ತಾ’ ಎಂದು ಕೂಗುವ ಗಂಟಲು ಭಾನುವಾರ ಮಾತ್ರ ಹೇಗೆ ಕೆಡುತ್ತದೆ ಎಂದು ದಯವಿಟ್ಟು ಯಾರೂ ಕೇಳಬೇಡಿ.

ಈ ಸಾಮಾನ್ಯ ಜ್ಞಾನದಿಂದ ಏನು ಉಪಯೋಗ? ಆಕ್ಟೋಪಸ್‌ಗೆ ಮೂರು ಹೃದಯ ಎಂದು ತಿಳಿದು ಯಾರ ಹೊಟ್ಟೆ ತುಂಬಿತು? ಅಂಗಡಿಯ ಯಂತ್ರ ಮೊದಲು ಓದಿದ ಬಾರ್‌ಕೋಡ್ ಚೂಯಿಂಗ್ ಗಮ್ ಪೊಟ್ಟಣದ್ದು ಎಂದು ತಿಳಿದು ಯಾರ ವ್ಯಾಪಾರ ಬೆಳೆಯಿತು? ಮೊಟ್ಟಮೊದಲ ಸಿನಿಮಾಗಳು ಒಂದು ನಿಮಿಷದೊಳಗೇ ಮುಗಿಯುತ್ತಿದ್ದವು ಎಂದಾಗ ಅಧ್ಯಕ್ಷರು, ‘ಸೀಟು ಹುಡುಕೋದ್ರೊಳಗೆ ಕತೆ ಮುಗೀತಲ್ಲಪ್ಪಾ’ ಎಂದು ಮರುಗಿದ್ದರು. ಬೇಸ್‌ಬಾಲ್ ಚೆಂಡಿಗೆ ನೂರೆಂಟು ಜೋಡಿ ಹೊಲಿಗೆ ಎಂದಾಗ ನಮ್ಮ ದರ್ಜಿ ಎದ್ದು ನಿಂತು, ‘ನನಗಿರೋ ನೂರೆಂಟು ತಾಪತ್ರಯದಲ್ಲಿ ಇದೊಂದು ಬೇರೆ’ ಅಂದಿದ್ದರು. ನಮ್ಮಲ್ಲಿ ಒಬ್ಬರೂ ಆ ಆಟ ಆಡಿದವರಲ್ಲ. ಆದರೂ ಆ ಉತ್ತರ ಇಡೀ ಬಡಾವಣೆಗೆ ಬಾಯಿಪಾಠ.

ಹೊಸಬರಿಗೆ ಒಂದು ನಿಯಮ ಹೇಳಬೇಕು. ಉತ್ತರ ಗೊತ್ತಿಲ್ಲದ ತಂಡ ‘ಪಾಸ್’ ಎನ್ನುತ್ತದೆ, ಪ್ರಶ್ನೆ ಮುಂದಿನ ತಂಡಕ್ಕೆ ಹೋಗುತ್ತದೆ. ಲೆಕ್ಕದ ಟೀಚರ್ ಮೊದಲ ದಿನ ‘ಪಾಸ್’ ಎಂದವರಿಗೆಲ್ಲ ಹತ್ತು ಹತ್ತು ಅಂಕ ಕೊಟ್ಟುಬಿಟ್ಟರು. ಒಂದು ಉತ್ತರವನ್ನೂ ಹೇಳದ ತಂಡ ಮೊದಲ ಸ್ಥಾನಕ್ಕೆ ಬಂತು. ಕೇಳಿದರೆ, ‘ಅಲ್ಲ ಕನ್ನಡಕದವರೇ, ಪಾಸಾದೋರಿಗೆ ಸೊನ್ನೆ ಕೊಡೋಕೆ ನನಗೆ ಕೈ ಬರಲ್ಲ’ ಅಂದರು. ಹೆಂಡತಿ ತೀರಿಕೊಂಡ ಮೇಲೆ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು ಅವತ್ತೇ. ಅಂದಿನಿಂದ ಭಾನುವಾರಕ್ಕಾಗಿ ಕಾಯತೊಡಗಿದೆ. ರಸಪ್ರಶ್ನೆಗಾಗಿ ಎಂದು ಹೇಳುತ್ತಿದ್ದೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಹಾಗಿದ್ದರೆ ಬಿಡುವುದೇಕೆ ಎನ್ನುತ್ತೀರಿ. ಇತಿಹಾಸದ ಅತಿ ಚಿಕ್ಕ ಯುದ್ಧ ಒಂದು ಗಂಟೆಯೊಳಗೆ ಮುಗಿದಿತ್ತು. ನಮ್ಮ ಹಲಗೆಯ ಹತ್ತಿರದ್ದು ನಾಲ್ಕು ತಿಂಗಳಿಂದ ನಡೆಯುತ್ತಿದೆ. ಯಾರೋ ಯಾರೊಡನೆಯೋ ಮಾತು ಬಿಟ್ಟಿದ್ದಾರೆ. ಸೀಮೆಸುಣ್ಣ ಮುರಿಯುವ ಸದ್ದು ಕೊನೆಯ ಸಾಲಿಗೂ ಕೇಳುತ್ತಿದೆ.

ಹೇಳಬಾರದೆಂದೇ ಬಂದಿದ್ದೆ. ಇರಲಿ, ಹೋಗುವ ದಿನ ಮುಚ್ಚುಮರೆ ಏಕೆ? ನನ್ನ ತಂಗಿ, ಅಗೋ ಮೂರನೇ ಸಾಲಿನಲ್ಲಿದ್ದಾಳೆ, ‘ಅಣ್ಣಾ, ಊರಿಗೆಲ್ಲ ಪ್ರಶ್ನೆ ಕೇಳ್ತೀಯ, ಅವರನ್ನ ಒಂದು ಮಾತು ಕೇಳೋಕೆ ನಿನಗೇನು ಧಾಡಿ?’ ಎಂದು ಬೆನ್ನು ಹತ್ತಿದಳು. ಒಬ್ಬರ ಮನೆಗೆ ಹೋದೆ. ಯಾರೆಂದು ಹೇಳುವುದಿಲ್ಲ. ಅವರು ಕೆಂಪು ಪೆನ್ನು ಹಿಡಿದು ಮಕ್ಕಳ ಲೆಕ್ಕದ ಪತ್ರಿಕೆ ತಿದ್ದುತ್ತಿದ್ದರು. ‘ನೀವೂ ಒಬ್ಬರೇ, ನಾನೂ ಒಬ್ಬನೇ. ಮದುವೆ ಆಗೋಣವಾ?’ ಎಂದೆ. ಅವರು ತಲೆ ತಗ್ಗಿಸಿ, ಪೆನ್ನಿನ ಮುಚ್ಚಳ ತಿರುಗಿಸುತ್ತಾ, ಒಂದೇ ಮಾತು ಹೇಳಿದರು. ‘ಪಾಸ್.’

ಆಯಿತಲ್ಲ. ಅವರೇ, ‘ಮತ್ತೆ, ಮುಂದೆ?’ ಎಂದು ಕೇಳಿದರು. ನಿಯಮ ನಿಯಮವೇ. ‘ಪ್ರಶ್ನೆ ಮುಂದಿನ ತಂಡಕ್ಕೆ ಹೋಗುತ್ತೆ’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಂದೆ. ಮುಂದಿನ ತಂಡ ಎಲ್ಲಿದೆ? ಅವರನ್ನು ಬಿಟ್ಟು ಯಾರನ್ನೂ ಕೇಳುವ ಮನಸ್ಸು ನನಗಿಲ್ಲ. ತುಂಬಾ ನೋವಾಯಿತು, ಸಭಿಕರೇ. ಭಾನುವಾರಗಳೇ ಬೇಡವಾದವು.

ಯಾಕೆ ನಗುತ್ತಿದ್ದೀರಿ? ಮ್ಯಾನೇಜರ್ ಅವರೇ, ನೀವೂ ನಗುತ್ತಿದ್ದೀರಾ? ತಂಗೀ, ಹಣೆ ಯಾಕೆ ಚಚ್ಚಿಕೊಳ್ಳುತ್ತಿದ್ದೀಯ? ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಕೆಂಪು ಪೆನ್ನು ಹಿಡಿದಿದ್ದರು, ಪತ್ರಿಕೆ ತಿದ್ದುತ್ತಿದ್ದರು, ಪಾಸ್ ಅಂದರು...

ಕೆಂಪು ಪೆನ್ನು.

ಅಯ್ಯೋ ಶಿವನೇ.

ಒಂದು ಲೋಟ ನೀರು ಕೊಡಿ. ಊರಿಗೆಲ್ಲ ಕನ್ನಡಕ ಹಾಕಿದ ನನಗೆ ಎದುರಿಗಿದ್ದದ್ದು ಕಾಣಲಿಲ್ಲವಲ್ಲ. ಪಾಸು ಮಾಡಿದವರ ಮುಖಕ್ಕೆ ಮುಂದಿನ ತಂಡ ಎಂದು ಹೇಳಿ ಬಂದಿದ್ದೇನಲ್ಲ. ಸೀಮೆಸುಣ್ಣ ಮುರಿಯದೆ ಇನ್ನೇನಾಗುತ್ತದೆ? ಟೀಚರ್, ಬಳಗದ ಕೊನೆಯ ಪ್ರಶ್ನೆ ನಿಮಗೆ. ಅವತ್ತಿನ ಪಾಸ್ ಯಾವ ಪಾಸ್? ಶಾಲೆಯದೋ, ರಸಪ್ರಶ್ನೆಯದೋ?

ಟೀಚರ್ ಹಲಗೆಯ ಕಡೆ ತಿರುಗಿದರು. ಏನೋ ಬರೆಯುತ್ತಿದ್ದಾರೆ. ಸ್ವಲ್ಪ ಸರಿಯಿರಿ ದರ್ಜಿಯವರೇ, ಕಾಣುತ್ತಿಲ್ಲ. ‘ಕನ್ನಡಕದವರು: ನೂರಕ್ಕೆ ಮೂವತ್ತೈದು.’

ಮೂವತ್ತೈದು, ಸಭಿಕರೇ. ಒಂದು ಅಂಕ ಕಮ್ಮಿಯಾಗಿದ್ದರೂ ಫೇಲು. ನಾಲ್ಕು ತಿಂಗಳ ಹಿಂದೆ ಎಷ್ಟಿತ್ತೋ ಏನೋ, ಕಳೆದುಕೊಂಡದ್ದು ನಾನೇ. ಮರುಎಣಿಕೆಗೆ ಅರ್ಜಿ ಹಾಕುವುದಿಲ್ಲ.

ಅಧ್ಯಕ್ಷರೇ, ಗಂಟಲು ಸರಿಹೋಯಿತು. ರಾಜೀನಾಮೆ ಹರಿದುಹಾಕಿ. ಬೀಳ್ಕೊಡುಗೆಗೆ ಮಾಡಿಸಿದ ಫಲಕವನ್ನು ಏನು ಮಾಡುವುದೆಂದು ಆಮೇಲೆ ಯೋಚಿಸೋಣ. ಇಷ್ಟು ಹೊತ್ತು ಕೇಳಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಸರಿಯಾದ ಹೊತ್ತಿಗೆ ನಕ್ಕಿದ್ದಕ್ಕೆ, ನಿಮಗೆ ಧನ್ಯವಾದಗಳು. ಟೀಚರ್, ಹಲಗೆ ಒರೆಸಬೇಡಿ, ಬಂದೆ. ಎಲ್ಲರಿಗೂ ನಮಸ್ಕಾರ.