ಚಾರ್ಜಿಂಗ್ ಪಾಯಿಂಟಿನ ಮೇಲೆ ಹಾಕಿದ ಬೈರಾಸು

ಶಂಭು ಶೆಟ್ಟಿ, ತಂದೆ ದಿವಂಗತ ಡೊಂಬಯ್ಯ ಶೆಟ್ಟಿ, ಪ್ರಾಯ 57 ವರ್ಷ, ಹೋಟೆಲ್ ವ್ಯಾಪಾರ, ವಾಸ ಮೇಲಿನಪದವು, ಬೆಳ್ತಂಗಡಿ ತಾಲೂಕು, ಆದ ನಾನು ಯಾರೂ ಕರೆಸದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಗುಡ್ಡದ ಊರಿನಲ್ಲಿ ಕರೆಂಟಿನ ವಾಹನಗಳಿಗೆ ಇರುವುದು ಒಂದೇ ಸಾರ್ವಜನಿಕ ಚಾರ್ಜಿಂಗ್ ಪಾಯಿಂಟ್. ಅದು ನನ್ನ ಹೋಟೆಲಿನ ಎದುರಿಗೆ ಉಂಟು. ಅದು ಬಿಟ್ಟರೆ ಗುರುವಾಯನಕೆರೆಗೇ ಹೋಗಬೇಕು. ಅದರ ಉದ್ಘಾಟನೆಯ ದಿನ, ಇದು ಎಲ್ಲರದ್ದು, ಮೊದಲು ಬಂದವರಿಗೆ ಮೊದಲು ಎಂದು ಮೈಕಿನಲ್ಲಿ ಹೇಳಿದವನು ನಾನೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ದಿನಾಂಕ 11-11-2025ರ ಮಂಗಳವಾರ ಮಧ್ಯಾಹ್ನದ ಊಟಕ್ಕೆ ನನ್ನ ಅಳಿಯ ಅಶ್ವಿತ್ ಮಂಗಳೂರಿನಿಂದ ಹೊಸ ಕಾರಿನಲ್ಲಿ ಬರುವವನಿದ್ದ. ಅವನಿಗೆ ಚಾರ್ಜ್ ಬೇಕಾದೀತು ಎಂದು ನಾನು ಬೆಳಿಗ್ಗೆಯೇ ನನ್ನ ಹೆಗಲ ಮೇಲಿನ ಬೈರಾಸನ್ನು ಚಾರ್ಜಿಂಗ್ ಪಾಯಿಂಟಿನ ಮೇಲೆ ಹಾಕಿದೆ. ವೇಣೂರು ಬಸ್ಸಿನ ಕಿಟಕಿಯಿಂದ ಬೈರಾಸು ಎಸೆದು ಸೀಟು ಹಿಡಿಯುವವರು ನಾವು. ಹಾಗೆ ಹಾಕಿದ್ದನ್ನು ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ.

ಸುಮಾರು ಒಂಬತ್ತು ಗಂಟೆಗೆ ನಮ್ಮ ಊರಿನ ನೌಫಲ್ ಎಂಬವರು ತಮ್ಮ ಕರೆಂಟಿನ ಆಟೋದಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಅವರ ನೆರೆಮನೆಯ ಆಸ್ಯಮ್ಮ ಇದ್ದರು. ಆಸ್ಯಮ್ಮನಿಗೆ ಮಂಗಳವಾರ ಮತ್ತು ಶುಕ್ರವಾರ ಮೂಡುಬಿದಿರೆಯಲ್ಲಿ ಡಯಾಲಿಸಿಸ್ ಎಂಬುದು ಊರಿಗೇ ಗೊತ್ತು, ನನಗೂ ಗೊತ್ತು. ಹಿಂದಿನ ರಾತ್ರಿ ಇಡೀ ಊರಿಗೆ ಕರೆಂಟ್ ಇರಲಿಲ್ಲ, ಬೆಳಿಗ್ಗೆಯಷ್ಟೇ ಬಂದಿತ್ತು ಎಂಬುದೂ ಗೊತ್ತು.

ನೌಫಲ್ ಬೈರಾಸನ್ನು ನೋಡಿ ಮುಟ್ಟದೆ ನಿಂತರು. ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನೋಡುತ್ತಿದ್ದೆ. ಬೇಕಾದರೆ ಬಂದು ಕೇಳಲಿ ಎಂಬ ಜಂಬ ನನ್ನಲ್ಲಿತ್ತು. ಎದ್ದು ಹೋಗಿ ತೆಗೆಯಲು ಹತ್ತು ಹೆಜ್ಜೆಯೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು ಅವರು ಹಾಗೆಯೇ ಹೊರಟುಹೋದರು. ನಾನು ಚಹಾ ಕುಡಿದೆ.

ಊರಿನಿಂದ ಆರು ಕಿಲೋಮೀಟರ್ ದೂರದ ಏರಿನ ತಿರುವಿನಲ್ಲಿ ಚಾರ್ಜ್ ಮುಗಿದು ಆಟೋ ನಿಂತಿತು. ನೌಫಲ್ ಇಳಿದು ಅದನ್ನು ಬದಿಗೆ ದೂಡುತ್ತಿದ್ದಾಗ ಹಿಂದಿನಿಂದ ಬಂದ ಟೆಂಪೋ ತಾಗಿತು. ಆಸ್ಯಮ್ಮನ ಬಲಗೈ ಮುರಿಯಿತು, ಡಯಾಲಿಸಿಸ್ ಒಂದು ದಿನ ತಡವಾಯಿತು. ಅಳಿಯ ಒಂದೂವರೆಗೆ ಬಂದ. ಅವನ ಕಾರಿನಲ್ಲಿ ಚಾರ್ಜ್ ಬೇಕಾದಷ್ಟು ಇತ್ತು.

ನಿನ್ನೆ ಆಸ್ಯಮ್ಮ ಇರುವ ಆಸ್ಪತ್ರೆಗೆ ಹೋಗಿ, ಬೈರಾಸು ತೆಗೆದು ಹಾಕಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿದ್ದ ನೌಫಲ್ ಅವರನ್ನು ಕೇಳಿದೆ. ತಪ್ಪನ್ನು ಅವರ ತಲೆಗೇ ಕಟ್ಟುವ ಆಸೆ ಆಗಲೂ ನನಗಿತ್ತು. ಅವರು ತಲೆ ತಗ್ಗಿಸಿ, "ನಿಮ್ಮದು ಅಂತ ಗೊತ್ತಿತ್ತು ಶೆಟ್ರೇ. ಈಗಿನ ಕಾಲದಲ್ಲಿ ನಾನು ತೆಗೆದರೆ ಅದು ಬರೀ ಬೈರಾಸಿನ ವಿಷಯ ಆಗಿ ಉಳಿಯುವುದಿಲ್ಲ. ಸಾಲದ್ದಕ್ಕೆ ಆಸ್ಯಮ್ಮನೂ ಆಟೋದಲ್ಲಿ ಇದ್ದರು," ಎಂದರು. ನಾನು ಅಂಥವನಲ್ಲ ಎಂದು ಹೇಳಲು ಬಾಯಿ ತೆರೆದೆ, ನಾಚಿಕೆಯಾಗಿ ಮುಚ್ಚಿದೆ.

ಚಾರ್ಜ್ ಇಲ್ಲದ ವಾಹನವನ್ನು ರಸ್ತೆಗೆ ಇಳಿಸಿ ಪ್ರಯಾಣಿಕರ ಜೀವಕ್ಕೆ ಅಪಾಯ ತಂದರೆಂದು ನೌಫಲ್ ಮೇಲೆ ಪ್ರಕರಣ ಆಗಿದ್ದು, ಅವರ ಆಟೋ ಠಾಣೆಯ ಅಂಗಳದಲ್ಲಿ ಉಂಟು. ಬೈರಾಸು ಹಾಕಿದ್ದಕ್ಕೆ ಕಾನೂನಿನಲ್ಲಿ ಕೇಸಿಲ್ಲ, ಅದನ್ನು ಯಾಕೆ ಬರೆಸುವುದು ಎಂದು ಇಲ್ಲಿನ ರೈಟರ್ ಕೇಳಿದರು. ಬರೆಯಿರಿ ಎಂದೆ. ಯಂತ್ರ ಹಾಳಾಗಿತ್ತು, ಆದ್ದರಿಂದ ಚಾರ್ಜ್ ಮಾಡಲಾಗಲಿಲ್ಲ ಎಂದು ನೌಫಲ್ ತಮ್ಮ ಹೇಳಿಕೆಯಲ್ಲಿ ಹೇಳಿದ್ದಾರಂತೆ. ನನ್ನ ಹೆಸರು ಎಲ್ಲಿಯೂ ಹೇಳಲಿಲ್ಲವಂತೆ.

ಯಂತ್ರ ಸರಿಯಾಗಿಯೇ ಇತ್ತು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಉಂಟು, ಎಲ್ಲವೂ ಸತ್ಯ.

ಸ್ಥಳ: ಬೆಳ್ತಂಗಡಿ
ದಿನಾಂಕ: 13-11-2025
ಸಹಿ: ಶಂಭು ಶೆಟ್ಟಿ