ಇಬ್ಬರು ಮಕ್ಕಳಿಗೆ ಎರಡು ಜಾಕೆಟ್

ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಪಕ್ಕದಲ್ಲಿರುವ ಮಗಳಿಗೆ, ನಮ್ಮ ಕಚೇರಿಯ ಗೆಳೆಯರಿಗೆ, ಬೆಳಗಿನ ಟ್ರಿಪ್ಪು ನಿಲ್ಲಿಸಿ ದೋಣಿ ಕಟ್ಟಿ ಬಂದಿರುವ ದೋಣಿಯವರಿಗೆ — ನನ್ನ ನಮಸ್ಕಾರ. ಹಿಂದೆ ನಿಂತವರು ಒಳಗೆ ಬನ್ನಿ, ಗೋಡೆಯ ಪಕ್ಕ ಜಾಗವಿದೆ. ಇಂದು ನಾವು ನೆನೆಯಲು ಸೇರಿರುವ, ನಾನು ಅಣ್ಣ ಎಂದೇ ಕರೆಯುತ್ತಿದ್ದ ಅವರು ಇದ್ದಿದ್ದರೆ ಇಷ್ಟು ಹೊತ್ತಿಗೆ ಈ ಕೋಣೆಗೆ ಎಷ್ಟು ಜನ ಹಿಡಿಸುತ್ತಾರೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ನೋಡಿಬಿಡುತ್ತಿದ್ದರು.

ಇಪ್ಪತ್ತೆರಡು ವರ್ಷ ನಮ್ಮಿಬ್ಬರ ಮೇಜು ಎದುರುಬದುರು. ಕೆಲಸವೂ ಒಂದೇ — ಟಿಕೆಟ್ಟು ಕೊಟ್ಟು ಜನರನ್ನು ಹತ್ತಿಸಿಕೊಳ್ಳುವ ದೋಣಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು. ಆದರೆ ನಾನು ಕಟ್ಟೆಯ ಮೇಲೆ ನಿಂತು ಫಾರಂ ತುಂಬುವವನು. ಅವರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ದೋಣಿಯ ಹಲಗೆ ಎತ್ತಿ ತಳಕ್ಕೇ ಇಳಿಯುವವರು. ತಳದಲ್ಲಿ ನಿಂತ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದರು — ಹೀಗೆ. ಸಪ್ಪೆಯಾಗಿದ್ದರೆ ಮಳೆ ನೀರು. ಉಪ್ಪಾಗಿದ್ದರೆ, ಎಲ್ಲೋ ಸಂದಿಯಲ್ಲಿ ಸಮುದ್ರ ಒಳಗೆ ಬರುತ್ತಿದೆ.

"ಡೀಸೆಲ್ ರುಚಿ ಬಂದ್ರೆ ಏನ್ಮಾಡ್ತೀಯ ಅಣ್ಣಾ?" ಎಂದು ಒಮ್ಮೆ ಕೇಳಿದೆ.

"ಆವತ್ತು ಮಾತ್ರ ನಿಮ್ಮತ್ತಿಗೆ ಅಡುಗೆಗೆ ಹೆಸರಿಡಲ್ಲ ತಮ್ಮಾ," ಎಂದರು.

ಅತ್ತಿಗೆ, ಕ್ಷಮಿಸಿ. ಇದನ್ನು ಅವರೇ ನಿಮಗೆ ಹೇಳಿರಲಾರರು.

ತಪಾಸಣೆ ಮುಗಿಸಿ ಅವರು ಕಚೇರಿಗೆ ಬಂದು ಕುಳಿತರೆ ಕುರ್ಚಿಯ ಬಟ್ಟೆಯೆಲ್ಲ ತೊಯ್ದು ತೊಪ್ಪೆ. ಅದಕ್ಕೇ ದೋಣಿಯವರು ಒದ್ದೆ ಸಾಹೇಬರು ಎಂದು ಹೆಸರಿಟ್ಟರು. ಹೆಸರಿಟ್ಟವರು ಇಲ್ಲೇ ಕುಳಿತಿದ್ದಾರೆ, ತಲೆ ತಗ್ಗಿಸಬೇಡಿ — ಆ ಹೆಸರು ಅವರಿಗೆ ಬಹಳ ಇಷ್ಟವಿತ್ತು.

ಅವರ ಜೇಬಿನಲ್ಲಿ ಒಂದು ಗಡಿಯಾರ, ಸ್ಟಾಪ್‌ವಾಚು, ಇರುತ್ತಿತ್ತು. ಎಲ್ಲ ನೋಡಿಯಾದ ಮೇಲೆ ಸಿಕ್ಕವರನ್ನೆಲ್ಲ ದೋಣಿಯಲ್ಲಿ ಕೂರಿಸಿ, ಗುಂಡಿ ಒತ್ತಿ, ಲೈಫ್ ಜಾಕೆಟ್ ಹಾಕಿಕೊಳ್ಳಿ ಎನ್ನುತ್ತಿದ್ದರು. ಒಂದು ನಿಮಿಷದೊಳಗೆ ಎಲ್ಲರ ಎದೆಯ ಮೇಲೂ ಗಂಟು ಬಿದ್ದಿರಬೇಕು. ನೀರು ನುಗ್ಗಿದ ಮೇಲೆ ಸಿಗುವುದು ಒಂದೇ ನಿಮಿಷ, ಅದು ಎಷ್ಟು ಉದ್ದ ಎಂದು ಕೈಗೆ ಗೊತ್ತಿರಬೇಕು — ಇದು ಅವರ ಮಾತು.

ಈಗ ನಾನು ಹೇಳಲೇಬೇಕಾದದ್ದನ್ನು ಹೇಳುತ್ತೇನೆ.

ನಮ್ಮ ನಿಯಮದಲ್ಲಿ ಒಂದು ಸಾಲಿದೆ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳನ್ನು ಒಬ್ಬ ಪ್ರಯಾಣಿಕನೆಂದು ಎಣಿಸತಕ್ಕದ್ದು. ಭಾರದ ಮಾತಾದರೆ ಸರಿ. ಆದರೆ ಜಾಕೆಟ್ಟುಗಳೂ ಅದೇ ಎಣಿಕೆಗೆ ಇದ್ದರೆ ಸಾಕು ಎನ್ನುವುದು ಅದರ ಕೆಳಗಿನ ಸಾಲು.

ಆರು ವರ್ಷದ ಹಿಂದೆ ನಮ್ಮ ದೋಣಿಯವ ಗುಂಗುರು — ಆ ಕಂಬದ ಪಕ್ಕ ಕುಳಿತಿದ್ದಾನೆ — ಹೊಸ ದೋಣಿ ತಂದಿದ್ದ. ಮೂವತ್ತು ಜನರ ದೋಣಿ, ಮೂವತ್ತು ಜಾಕೆಟ್, ಎಲ್ಲ ಹೊಸದು. ಒದ್ದೆ ಸಾಹೇಬರು ಇನ್ನೂ ಹತ್ತು ಸಣ್ಣ ಜಾಕೆಟ್ ತಾ ಎಂದರು. ನಿಯಮದಲ್ಲಿ ಎಲ್ಲಿದೆ ತೋರಿಸಿ ಎಂದು ಇವನು ಪಟ್ಟು ಹಿಡಿದ.

"ಇಬ್ಬರು ಮಕ್ಕಳು ಅಂದ್ರೆ ಒಬ್ಬ ಅಂತ ಬರೆದಿದೆ, ಒಪ್ಪಿದೆ," ಎಂದರು ಅವರು. "ನೀರಿಗೆ ಬಿದ್ದ ಮೇಲೆ ಇಬ್ಬರೂ ಒಂದೇ ಜಾಕೆಟ್ ಹಾಕ್ಕೊಂಡು ತೇಲ್ತಾರೇನಪ್ಪ?"

ಸಹಿ ಹಾಕದೆ ಎದ್ದು ಬಂದರು. ಮರುದಿನ ಮಗಳ ಶಾಲೆಯ ಕೆಲಸಕ್ಕೆಂದು ರಜೆ ಹಾಕಿದ್ದರು. ಗುಂಗುರು ನನ್ನ ಮೇಜಿಗೆ ಬಂದ. ನಾನು ಪುಸ್ತಕ ತೆಗೆದು ನೋಡಿದೆ — ಅವನು ಹೇಳಿದ್ದೇ ಸರಿ. ಸಹಿ ಹಾಕಿದೆ. ಈ ಒದ್ದೆ ಸಾಹೇಬರದು ಯಾವಾಗಲೂ ಅತಿ ಎಂದು ಅವನ ಜೊತೆ ನಕ್ಕೆ ಕೂಡ.

ನಲವತ್ತು ದಿನ ಆಗಿರಲಿಲ್ಲ. ದೋಣಿಯಲ್ಲಿ ಇಪ್ಪತ್ತಾರು ದೊಡ್ಡವರು, ಎಂಟು ಮಕ್ಕಳು. ಪುಸ್ತಕದ ಪ್ರಕಾರ ಮೂವತ್ತು. ತಲೆ ಎಣಿಸಿದರೆ ಮೂವತ್ತನಾಲ್ಕು. ದಡ ಕಣ್ಣಿಗೆ ಕಾಣುತ್ತಿರುವಾಗಲೇ, ನೀರಿನಡಿ ಮುರಿದು ನಿಂತಿದ್ದ ಹಳೆಯ ಕಂಬಕ್ಕೆ ತಳ ತಾಗಿ ನೀರು ನುಗ್ಗಿತು. ಒಬ್ಬ ತಾಯಿಯ ಕೈಗೆ ಒಂದೇ ಜಾಕೆಟ್ ಸಿಕ್ಕಿತು. ಇಬ್ಬರು ಮಕ್ಕಳು. ದೊಡ್ಡದಕ್ಕೆ ಕಟ್ಟಿ, ಚಿಕ್ಕದನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು — ಹೀಗೆ. ಇಲ್ಲಿ ಕುಳಿತಿರುವ ದೋಣಿಯವರೆಲ್ಲ ದಡದಿಂದ ಹಾರಿ ಈಜಿ ಹೋದಾಗ ನೀರಿನ ಮೇಲೆ ಮಗು ಕಾಣುತ್ತಿತ್ತು, ಅವಳು ಕಾಣುತ್ತಿರಲಿಲ್ಲ.

ಎಲ್ಲರೂ ಬದುಕಿದರು. ಅವಳೂ ಬದುಕಿದಳು, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು. ನಾನು ಒಂದು ದಿನ ಆ ವಾರ್ಡಿನ ಬಾಗಿಲವರೆಗೆ ಹೋಗಿ ಹಾಗೇ ತಿರುಗಿ ಬಂದೆ.

ವಿಚಾರಣೆಯಲ್ಲಿ ಎಲ್ಲವೂ ನಿಯಮದಂತೆ ಇತ್ತು ಎಂದು ಬರೆದರು. ನನ್ನ ಮೇಲೆ ಒಂದು ಅಕ್ಷರ ಬರಲಿಲ್ಲ. ಒದ್ದೆ ಸಾಹೇಬರು ಆ ವರದಿ ಓದಿ, ಮಡಚಿ, ನನ್ನ ಮೇಜಿನ ಮೇಲಿಟ್ಟರು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಾಳೆ ನೀನೂ ನನ್ ಜೊತೆ ಬಾ ತಮ್ಮಾ," ಎಂದರು. "ಇಬ್ಬರೂ ಸೇರಿ ತಲೆ ಎಣಿಸೋಣ."

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಅಂದಿನಿಂದ ವರ್ಷಕ್ಕೊಂದು ಪತ್ರ ಬರೆದರು — ಪ್ರತಿ ತಲೆಗೂ ಒಂದು ಜಾಕೆಟ್ ಎಂದು ನಿಯಮ ತಿದ್ದಬೇಕು. ಅದು ಮೇಲೆ ಹೋಗಲು ಇಬ್ಬರು ಪರೀಕ್ಷಕರ ಸಹಿ ಬೇಕು. ಅವರು ಸಹಿ ಹಾಕಿ, ಕೆಳಗೆ ನನಗೆ ಜಾಗ ಬಿಟ್ಟು, ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಾನು ಅದನ್ನು ಬೇರೆ ಫೈಲಿನ ಅಡಿಗೆ ಸರಿಸುತ್ತಿದ್ದೆ. ಸಹಿ ಹಾಕಿದರೆ ಆ ದೋಣಿಗೆ ಹಾಕಿದ ನನ್ನ ಸಹಿ ತಪ್ಪು ಎಂದು ನಾನೇ ಬರೆದುಕೊಟ್ಟಂತೆ. ಅವರಿಗೆ ಇದು ತಿಳಿದಿತ್ತು. ವಾರಕ್ಕೊಮ್ಮೆ, "ಓದಿದ್ಯಾ?" ಎನ್ನುವರು. ನಾನು, "ಓದ್ತೀನಿ ಅಣ್ಣಾ," ಎನ್ನುವೆ. ಆರು ವರ್ಷ. ಆರು ಪತ್ರ.

ಹೋದ ತಿಂಗಳು ಆಸ್ಪತ್ರೆಗೆ ಹೋದೆ. ಮೂಗಿಗೆ ನಳಿಕೆ, ಮಾತಿಗೆ ಉಸಿರು ಸಾಲದು. ಅತ್ತಿಗೆ ನೀರು ತರಲು ಹೊರಗೆ ಹೋಗಿದ್ದರು. ನನ್ನನ್ನು ನೋಡಿ, "ಓದಿದ್ಯಾ?" ಎಂದರು. ನಾನು — ಆಗಲೂ — "ಓದ್ತೀನಿ ಅಣ್ಣಾ," ಎಂದೆ. ನಕ್ಕರು. ನಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು.

ಅವರು ಹೋದ ಮೂರನೆಯ ದಿನ ಕಚೇರಿಗೆ ಬಂದೆ. ಎದುರಿನ ಕುರ್ಚಿಯ ಬಟ್ಟೆ ಒಣಗಿತ್ತು. ಅದು ಅಷ್ಟು ಗರಿಗರಿಯಾಗಿ ಒಣಗಿದ್ದನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಆರನೆಯ ಪತ್ರ ಹೊರತೆಗೆದು ಸಹಿ ಹಾಕಿದೆ. ಆ ದೋಣಿಯ ವಿಷಯವನ್ನು, ಹೆಸರು ತಾರೀಖು ಸಮೇತ, ನನ್ನ ಕೈಯಲ್ಲೇ ಕೆಳಗೆ ಬರೆದೆ. ನಿನ್ನೆ ಅದು ಮೇಲೆ ಹೋಗಿದೆ. ನಿಯಮ ಬದಲಾಗುತ್ತದೋ ಇಲ್ಲವೋ, ನನಗೆ ಏನಾಗುತ್ತದೋ ತಿಳಿಯದು. ಗುಂಗುರು ಮಾತ್ರ ಯಾರಿಗೂ ಕಾಯದೆ ಹತ್ತು ಸಣ್ಣ ಜಾಕೆಟ್ ತಂದು ದೋಣಿಗೆ ತೂಗುಹಾಕಿದ್ದಾನೆ.

ಓದಿದೆ ಅಣ್ಣಾ. ತಡವಾಯಿತು.

ಅತ್ತಿಗೆಯವರು ಅವರ ಗಡಿಯಾರವನ್ನು ನನ್ನ ಕೈಗೆ ಕೊಟ್ಟಿದ್ದಾರೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆಗದವರು ಕುಳಿತೇ ಇರಿ, ಅವರು ಬೇಡ ಎನ್ನುತ್ತಿರಲಿಲ್ಲ. ಯಾರೂ ಮಾತಾಡುವುದು ಬೇಡ. ಆ ತಾಯಿ ಕೈ ಮೇಲೆತ್ತಿ ಹಿಡಿದಿದ್ದ ಹೊತ್ತು ಎಷ್ಟು ಉದ್ದವಿತ್ತು ಎಂದು ಅವರು ನಮಗೆ ಕಲಿಸಲು ನೋಡಿದ್ದರು.

ಒಂದು ನಿಮಿಷ. ಗುಂಡಿ ಒತ್ತುತ್ತಿದ್ದೇನೆ —