ಗಂಟೆ ಹೊಡೆದ ಮೇಲೆ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅದೇ ಬಸ್ಸಿಗೆ ಕಾಯುತ್ತ ಪಕ್ಕದಲ್ಲಿ ಕೂತಿದ್ದ ಗಂಡ ಹೆಂಡತಿ, ಮಗನನ್ನು ಎಂಟನೇ ಕ್ಲಾಸಿಗೆ ಸೇರಿಸಲು ಗಂಡುಹುಡುಗರ ಖಾಸಗಿ ಹೈಸ್ಕೂಲೊಂದನ್ನು ನೋಡಿಕೊಂಡು ಬಂದಿದ್ದರು. ನಾನು ಫೋನು ನೋಡುವವನಂತೆ ಕೂತೆ.

“ಅಲ್ಲೇ ಹಾಕೋಣು. ಹಾಸ್ಟೆಲ್ ಇಲ್ಲ, ದಿನಾ ಸಂಜಿಗೆ ಮನಿಗೆ ಬರ್ತಾನ.”

“ನಂಗ್ಯಾಕೋ ಅನುಮಾನ ಐತ್ರಿ.”

“ಏನ ಅನುಮಾನ? ಬೆಂಚು ನೋಡಿದ್ಯಲ್ಲ, ಒಂದು ಗೀರಿಲ್ಲ.”

“ಅದಕ್ಕ ಅನುಮಾನ. ನಮ್ಮ ಕೊಟ್ರೇಶ ಮನಿ ಬಾಗ್ಲಕ್ಕ ಹೆಸರು ಕೆತ್ಯಾನ. ಅಲ್ಲಿ ಅಷ್ಟು ಹುಡುಗ್ರಾಗ ಒಬ್ಬನೂ ಕೆತ್ತಿಲ್ಲೇನು?”

“ಅದಕ್ಕ ಶಿಸ್ತು ಅಂತಾರ.”

“ಇಂಟರ್ವಲ್ ಗಂಟಿ ಹೊಡೀತಲ್ರಿ, ಯಾರಾರ ಕೂಗಿದ್ದು ಕೇಳಿಸ್ತಾ ನಿಮಗ?”

“ಇಲ್ಲ. ಭಾಳ ಶಾಂತ ಇತ್ತು.”

“ರೈಸ್ ಮಿಲ್ಲು ನಡಸೋರು ನೀವು. ಮಿಷನ್ ಸದ್ದು ನಿಂತ್ರ, ಶಾಂತ ಐತಿ ಅಂತ ಕುಂದರ್ತೀರೇನು? ಏನ ಮುರೀತೋ ಅಂತ ಚಪ್ಪಲಿ ಸೈತ ಮೆಟ್ಟದ ಓಡ್ತೀರಿ.”

ಅಷ್ಟರಲ್ಲಿ ಕಂಪ್ಲಿ ಬಸ್ಸು ಬಂತು.

“ಏಳು,” ಎಂದ ಗಂಡ. “ಊಟದ ಗಂಟಿ ಹೊಡಿಯೋದ್ರಾಗ ಸಾಲಿ ಗೇಟಿನ ಹತ್ರ ಇರಬೇಕು.”

ಬಸ್ಸಿನತ್ತ ತಿರುಗಿಯೂ ನೋಡದೆ ಇಬ್ಬರೂ ಆಟೋ ಸ್ಟ್ಯಾಂಡಿನ ಕಡೆ ಹೋದರು.